ಡ್ರಾಕುಲಾನನ್ನು ಆರು ತಿಂಗಳು ಓದಿದವರ ಪರವಾಗಿ

ಹೋದ ವರ್ಷ ಜೂನ್ 5ನೇ ತಾರೀಕು ಆಫೀಸಿನ ಕ್ಯಾಂಟೀನಿನಲ್ಲಿ ಕೂತು ಒಂದು ಪುಟ ಓದಿ ಪುಸ್ತಕ ಮುಚ್ಚಿದೆ. ಎದುರಿಗೆ ಕೂತಿದ್ದ ಸಹೋದ್ಯೋಗಿ ಕೇಳಿದ, "ಯಾಕೆ, ಬೋರಾ?"

"ಇಲ್ಲ, ಇವತ್ತಿಂದು ಇಷ್ಟೇ."

"ಇವತ್ತಿಂದು ಅಂದ್ರೆ? ನಾಳೆ ಎಷ್ಟು?"

"ನಾಳೆ ಏನೂ ಇಲ್ಲ. ಮುಂದಿನ ಕಂತು ಜೂನ್ 17ಕ್ಕೆ."

ಅವನು ಕೈಯಲ್ಲಿದ್ದ ಚಮಚ ಕೆಳಗಿಟ್ಟ. ಯಾವ ಪುಸ್ತಕ ಅಂತ ಮುಖಪುಟ ತಿರುಗಿಸಿ ನೋಡಿದ. "ಡ್ರಾಕುಲಾ! ಗುರೂ, ಇದು ಒಂದು ವೀಕೆಂಡಲ್ಲಿ ಮುಗಿಯೋ ಪುಸ್ತಕ. ಅದೂ ಬೇಡ ಅಂದ್ರೆ ಹದಿನೈದು ನಿಮಿಷದ ಸಮ್ಮರಿ ಸಿಗತ್ತೆ, ಟೂ ಎಕ್ಸ್‌ನಲ್ಲಿ ಕೇಳಿದ್ರೆ ಏಳೂವರೆ ನಿಮಿಷ. ಒಂದು ರಕ್ತಪಿಶಾಚಿ ಕಥೇನ ಯಾರಾದ್ರೂ ಆರು ತಿಂಗಳು ಓದ್ತಾರಾ?"

ಆವತ್ತು ನನಗೆ ಸರಿಯಾದ ಉತ್ತರ ಹೊಳೀಲಿಲ್ಲ. ಹಲ್ಲು ಕಿರಿದು ಸುಮ್ಮನಾದೆ. ಈಗ ಆರು ತಿಂಗಳು ಓದಿ ಮುಗಿಸಿದ್ದೇನೆ, ಉತ್ತರ ಇದೆ. ಅವನು ಇದನ್ನು ಪೂರ್ತಿ ಓದುವುದಿಲ್ಲ ಅನ್ನುವುದು ಗೊತ್ತು. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಅವನೊಬ್ಬನೇ ಅಲ್ಲ, ನಮ್ಮಲ್ಲಿ ಬಹುಪಾಲು ಜನ ಈಗ ಓದೋದೇ ಹಾಗೆ.

ಮೊದಲು ವಿಷಯ ಏನು ಅಂತ ಹೇಳಿಬಿಡ್ತೀನಿ. ಬ್ರಾಮ್ ಸ್ಟೋಕರ್‌ನ 'ಡ್ರಾಕುಲಾ' ಪ್ರಕಟವಾದದ್ದು 1897ರಲ್ಲಿ. ಸಿನಿಮಾ ನೋಡಿದವರಿಗೆಲ್ಲ ಕಪ್ಪು ನಿಲುವಂಗಿ, ಕೋರೆಹಲ್ಲು ಗೊತ್ತು. ಆದರೆ ಪುಸ್ತಕದಲ್ಲಿ ಕಥೆ ಹೇಳುವವನು ಅಂತ ಒಬ್ಬನಿಲ್ಲ. ಇಡೀ ಕಾದಂಬರಿ ದಿನಚರಿ, ಪತ್ರ, ಟೆಲಿಗ್ರಾಂ, ಪತ್ರಿಕೆಯ ತುಣುಕು, ಹಡಗಿನ ದಾಖಲೆ ಇವುಗಳ ಕಂತೆ. ಹೆಚ್ಚುಕಡಿಮೆ ಎಲ್ಲದಕ್ಕೂ ತಾರೀಕಿದೆ. ಮೇ 3ಕ್ಕೆ ಜೊನಾಥನ್ ಹಾರ್ಕರ್ ಎಂಬ ಇಂಗ್ಲಿಷ್ ವಕೀಲ ಟ್ರಾನ್ಸಿಲ್ವೇನಿಯಾದ ಬಿಸ್ಟ್ರಿಟ್ಸ್ ಊರಲ್ಲಿ ಕೂತು ದಿನಚರಿ ಬರೆಯುವುದರೊಂದಿಗೆ ಶುರು. ನವೆಂಬರ್ 6ಕ್ಕೆ ಮುಗಿಯುತ್ತದೆ. ಹಾಗಾದರೆ ಮೇ 3ರದ್ದನ್ನು ಮೇ 3ಕ್ಕೇ, ನವೆಂಬರ್ 6ರದ್ದನ್ನು ನವೆಂಬರ್ 6ಕ್ಕೇ ಯಾಕೆ ಓದಬಾರದು? ಇದು ನಮ್ಮ ಐಡಿಯಾ ಏನಲ್ಲ, ಕೆಲವು ವರ್ಷಗಳಿಂದ ಎಷ್ಟೋ ಕಡೆ ಜನ ಹೀಗೆ ಓದುತ್ತಿದ್ದಾರೆ. ಬೆಂಗಳೂರಿನ ಬೇರೆ ಬೇರೆ ಮೂಲೆಯಲ್ಲಿರುವ ನಾವು ಏಳು ಜನ ಸೇರಿಕೊಂಡೆವು. ಅವತ್ತಿನ ಕಂತನ್ನು ಅವರವರೇ ಓದೋದು, ಅದರ ಬಗ್ಗೆ ರಾತ್ರಿ ಒಂದೆರಡು ಸಾಲು ಹಂಚಿಕೊಳ್ಳೋದು, ತಿಂಗಳಿಗೊಮ್ಮೆ ಜಯನಗರದಲ್ಲಿ ಕಾಫಿ. ನಿಯಮ ಒಂದೇ: ಮುಂದಕ್ಕೆ ಇಣುಕುವ ಹಾಗಿಲ್ಲ.

ಈಗ ಜಗಳಕ್ಕೆ ಬರೋಣ.

ನಮ್ಮ ಪೀಳಿಗೆಗೆ ಓದು ಅನ್ನೋದು ಒಂದು ಟಾರ್ಗೆಟ್ ಆಗಿದೆ. ಜನವರಿಯಲ್ಲಿ 'ಈ ವರ್ಷ 52 ಪುಸ್ತಕ' ಅಂತ ಘೋಷಣೆ. ಅಕ್ಟೋಬರ್‌ನಲ್ಲಿ ಲೆಕ್ಕ ಹಿಂದೆ ಬಿದ್ದಾಗ ತೆಳ್ಳಗಿನ ಪುಸ್ತಕಗಳ ಹುಡುಕಾಟ. ಡಿಸೆಂಬರ್ 31ಕ್ಕೆ ಮುಖಪುಟಗಳನ್ನೆಲ್ಲ ಸಾಲಾಗಿ ಜೋಡಿಸಿ ಒಂದು ಫೋಟೋ. ನಾನೂ ಹಾಕಿದ್ದೇನೆ ಸ್ವಾಮಿ, ಸುಳ್ಳು ಯಾಕೆ ಹೇಳಲಿ. ಒಂದು ವರ್ಷ 41 ಪುಸ್ತಕ ಓದಿದೆ. ಅದರಲ್ಲಿ ಇವತ್ತು ಕಥೆ ನೆನಪಿರೋದು ಆರೋ ಏಳೋ. ಉಳಿದವುಗಳನ್ನು ನಾನು ಓದಿಲ್ಲ, ಮುಗಿಸಿದ್ದೇನೆ. ಇವೆರಡೂ ಬೇರೆ ಬೇರೆ ಕೆಲಸ. ಆಫೀಸಿನಲ್ಲಿ ಟಿಕೆಟ್ ಕ್ಲೋಸ್ ಮಾಡಿದ ಹಾಗೆ ಮನೆಗೆ ಬಂದು ಪುಸ್ತಕ ಕ್ಲೋಸ್ ಮಾಡ್ತಾ ಇದ್ದೆ.

'ಕಥೆ ಗೊತ್ತಾದರೆ ಸಾಕಲ್ಲ' ಅನ್ನುವವರಿಗೆ ಡ್ರಾಕುಲಾಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಇದರ ಕಥೆ ಯಾರಿಗೆ ಗೊತ್ತಿಲ್ಲ ಹೇಳಿ? ಕೌಂಟ್ ಯಾರು ಅಂತ ನಾಲ್ಕನೇ ಕ್ಲಾಸಿನ ಹುಡುಗನಿಗೂ ಗೊತ್ತು. ಸಮ್ಮರಿಯಲ್ಲಿ ಇರುವುದೆಲ್ಲ ನಮಗೆ ಹುಟ್ಟುವ ಮೊದಲೇ ಗೊತ್ತಿದ್ದ ಹಾಗೆ ಇದೆ. ಆದರೂ ಹೋದ ವರ್ಷ ಜುಲೈನಲ್ಲಿ ನಾನು ನಿಜವಾಗಿ ಹೆದರಿದೆ. ಆ ಹೆದರಿಕೆ ಬಂದದ್ದು ಕಥೆಯಿಂದ ಅಲ್ಲ, ಕಾಯುವುದರಿಂದ.

ಒಂದು ಉದಾಹರಣೆ ಕೊಡ್ತೀನಿ. ಮೇ 19ರಂದು ಕೌಂಟ್ ಹಾರ್ಕರ್‌ನ ಹತ್ತಿರ ಬಹಳ ವಿನಯದಿಂದ ಮೂರು ಪತ್ರ ಬರೆಸುತ್ತಾನೆ. ಕೆಲಸ ಮುಗೀತಾ ಬಂತು ಅಂತ ಒಂದು, ನಾಳೆ ಬೆಳಿಗ್ಗೆ ಹೊರಡ್ತೀನಿ ಅಂತ ಇನ್ನೊಂದು, ಹೊರಟು ಬಿಸ್ಟ್ರಿಟ್ಸ್ ತಲುಪಿದೆ ಅಂತ ಮತ್ತೊಂದು. ತಾರೀಕು ಹಾಕಿಸೋದು ಜೂನ್ 12, ಜೂನ್ 19, ಜೂನ್ 29. ತನ್ನ ಆಯಸ್ಸು ಎಷ್ಟು ಅಂತ ಹಾರ್ಕರ್‌ಗೆ ಅವತ್ತೇ ಲೆಕ್ಕ ಸಿಕ್ಕಿಬಿಡುತ್ತದೆ. ವೀಕೆಂಡಲ್ಲಿ ಓದುವವನು ಈ ಸಾಲಿನಿಂದ ಜೂನ್ 29ಕ್ಕೆ ಅರ್ಧ ಗಂಟೆಯಲ್ಲಿ ತಲುಪುತ್ತಾನೆ. ನಮಗೆ ಅದು ನಲವತ್ತೊಂದು ದಿನ. ಆ ನಲವತ್ತೊಂದು ದಿನದಲ್ಲಿ ನಾನು ಎರಡು ಸಲ ಊರಿಗೆ ಹೋಗಿ ಬಂದೆ, ಒಂದು ಮದುವೆ ಊಟ ಮಾಡಿದೆ, ಮೈಗ್ರೇನ್ ಬಂದು ಹೋಯಿತು, ಸಂಬಳ ಬಂತು. ಅಷ್ಟೂ ದಿನ ಆ ಮನುಷ್ಯ ಆ ಕೋಟೆಯಲ್ಲೇ ಇದ್ದ. ಕ್ಯಾಬಲ್ಲಿ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಇದ್ದಕ್ಕಿದ್ದ ಹಾಗೆ 'ಇವತ್ತು 12, ಮೊದಲನೇ ಪತ್ರದ ತಾರೀಕು' ಅಂತ ನೆನಪಾಗಿ ಹೊಟ್ಟೆಯಲ್ಲಿ ತಣ್ಣಗಾಯಿತು. ಅವತ್ತು ಓದಲು ಏನೂ ಇರಲಿಲ್ಲ. ಖಾಲಿ ದಿನವೇ ಹೆದರಿಸಿತು.

ಇನ್ನೊಂದು. ಮೇ 24ರಂದು ಲಂಡನ್ನಿನಲ್ಲಿ ಲೂಸಿ ಎಂಬ ಹುಡುಗಿಗೆ ಒಂದೇ ದಿನ ಮೂವರು ಮದುವೆ ಪ್ರಸ್ತಾಪ ಮಾಡ್ತಾರೆ. ಅವಳು ಗೆಳತಿ ಮೀನಾಗೆ ನಗುತ್ತಾ ಅಳುತ್ತಾ ಪತ್ರ ಬರೀತಾಳೆ. ಅದೇ ವಾರ ಮೀನಾಳ ಗಂಡನಾಗಬೇಕಾದ ಹಾರ್ಕರ್ ಕೋಟೆಯಲ್ಲಿ ಬಂದಿ. ಪುಸ್ತಕದಲ್ಲಿ ಇವು ದೂರ ದೂರ ಇವೆ. ಮೊದಲ ನಾಲ್ಕು ಅಧ್ಯಾಯ ಪೂರ್ತಿ ಹಾರ್ಕರ್, ಜೂನ್ 30ರವರೆಗೆ. ಐದನೇ ಅಧ್ಯಾಯ ಮತ್ತೆ ಮೇ 9ಕ್ಕೆ ಹಿಂತಿರುಗಿ ಮೀನಾ, ಲೂಸಿಯರ ಪತ್ರಗಳನ್ನು ತೆಗೆಯುತ್ತದೆ. ತಾರೀಕಿನ ಪ್ರಕಾರ ಓದಿದಾಗ ಎರಡೂ ಒಂದೇ ವಾರ ಬಂದು ಎದೆಗೆ ಬಡಿಯುತ್ತವೆ. ಒಂದು ಮನೆಯಲ್ಲಿ ಅರಿಶಿನ ಕುಟ್ಟುವಾಗ ಇನ್ನೊಂದು ಮನೆಯಲ್ಲಿ ಏನಾಗ್ತಾ ಇರುತ್ತೆ ಅನ್ನೋದು ನಮಗೆ ಬದುಕಿನಲ್ಲಿ ಗೊತ್ತೇ ಇದೆ. ಕಾದಂಬರಿ ಓದುವಾಗ ಮರೆತುಹೋಗುತ್ತದೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪಣೆ ಇದೆ. ಅದನ್ನು ನಮ್ಮ ಗುಂಪಿನವಳೇ ಎತ್ತಿದಳು. 'ಸ್ಟೋಕರ್ ಇದನ್ನು ಧಾರಾವಾಹಿಯಾಗಿ ಬರೆದಿಲ್ಲ. ಒಂದೇ ಪುಸ್ತಕವಾಗಿ ಬರೆದ. ಅವನು ಯೋಚಿಸಿ ಇಟ್ಟ ಕ್ರಮ ಕಲಕೋಕೆ ನೀವು ಯಾರು?' ನ್ಯಾಯವಾದ ಪ್ರಶ್ನೆ. ಕಳೆದುಕೊಳ್ಳೋದು ಇದೆ, ಒಪ್ಪುತ್ತೇನೆ. ಡಿಮೀಟರ್ ಹಡಗನ್ನೇ ತಗೊಳ್ಳಿ. ಪುಸ್ತಕದ ಕ್ರಮದಲ್ಲಿ ಮೊದಲು ವಿಟ್ಬಿ ಬಂದರಿಗೆ ಬಿರುಗಾಳಿಯಲ್ಲಿ ಒಂದು ಹಡಗು ನುಗ್ಗುತ್ತದೆ. ಚುಕ್ಕಾಣಿಗೆ ಕೈ ಕಟ್ಟಿಕೊಂಡ ಹೆಣವೊಂದು ಬಿಟ್ಟರೆ ಅದರಲ್ಲಿ ಮನುಷ್ಯರಿಲ್ಲ. ಆಮೇಲಷ್ಟೇ ಹಡಗಿನ ದಾಖಲೆ ಓದಿ ಏನಾಯಿತು ಅಂತ ತಿಳಿಯುತ್ತದೆ. ಒಳ್ಳೆಯ ಪತ್ತೇದಾರಿ ಕಟ್ಟು. ತಾರೀಕಿನ ಪ್ರಕಾರ ಓದಿದರೆ ಆ ಗುಟ್ಟು ಹೋಯಿತು. ಜುಲೈ 6ರಿಂದಲೇ ನಾವೂ ಹಡಗಿನಲ್ಲಿ ಇರ್ತೀವಿ. ಜುಲೈ 16ಕ್ಕೆ ಒಬ್ಬ ನಾವಿಕ ಕಾಣೆ. ಜುಲೈ 24ಕ್ಕೆ ಇನ್ನೊಬ್ಬ. ಪೆಟ್ಟಿಗೆಗಳಲ್ಲಿ ಏನಿದೆ ಅಂತ ನಮಗೆ ಗೊತ್ತು, ಕ್ಯಾಪ್ಟನ್‌ಗೆ ಗೊತ್ತಿಲ್ಲ. ಹೇಳೋಣ ಅಂದರೆ ಆಗಲ್ಲ. ಆಗಸ್ಟ್ 4ರವರೆಗೆ ದಿನ ಬಿಟ್ಟು ದಿನ ಮೂರು ಸಾಲು, ನಾಲ್ಕು ಸಾಲು. ಗುಟ್ಟು ಕಳೆದುಕೊಂಡೆ, ಅದರ ಬದಲು ಏನೂ ಮಾಡಲಾಗದವನ ಸಂಕಟ ಸಿಕ್ಕಿತು. ಮೊದಲ ಸಲ ಓದುವವರು ಸ್ಟೋಕರ್‌ನ ಕ್ರಮದಲ್ಲೇ ಓದಲಿ ಅಂದರೂ ನನ್ನ ತಕರಾರಿಲ್ಲ. ನನ್ನ ಜಗಳ ಕ್ರಮದ ಮೇಲಲ್ಲ, ವೇಗದ ಮೇಲೆ.

ಆದರೆ ಕ್ರಮದ ವಿಷಯದಲ್ಲೂ ನನ್ನ ಕಡೆ ಒಂದು ಸಾಕ್ಷಿ ಇದೆ, ಅದೂ ಪುಸ್ತಕದ ಒಳಗಿನಿಂದ. ಈ ಕಾದಂಬರಿಯ ಪಾತ್ರಗಳೇ ಕೊನೆಗೆ ಮಾಡೋದು ಇದನ್ನೇ.

ಸೆಪ್ಟೆಂಬರ್ ಮುಗಿಯುವವರೆಗೆ ಅವರೆಲ್ಲ ಒಬ್ಬೊಬ್ಬರೇ ಇರ್ತಾರೆ. ಒಬ್ಬೊಬ್ಬರ ಹತ್ತಿರ ಒಂದೊಂದು ತುಣುಕು. ಡಾಕ್ಟರ್ ಸಿವರ್ಡ್ ತನ್ನ ದಿನಚರಿಯನ್ನು ಫೋನೋಗ್ರಾಫಿನಲ್ಲಿ ಹೇಳಿಟ್ಟಿರುತ್ತಾನೆ. ಅದರಲ್ಲಿ ಬೇಕಾದ ಭಾಗ ಹುಡುಕಿ ತೆಗೆಯೋದು ಹೇಗೆ ಅಂತ ಅವನಿಗೇ ಗೊತ್ತಿಲ್ಲ. ವಾಯ್ಸ್ ನೋಟ್ ಕಳಿಸುವ ಮಿತ್ರರಿರುವ ಎಲ್ಲರಿಗೂ ಈ ಕಷ್ಟ ಅರ್ಥವಾಗುತ್ತೆ. ವ್ಯಾನ್ ಹೆಲ್ಸಿಂಗ್‌ಗೆ ಅನುಮಾನ ಇದೆ, ಬಾಯಿ ಬಿಡಲ್ಲ. ಲೂಸಿಯ ಕೋಣೆಯಲ್ಲಿ ಬೆಳ್ಳುಳ್ಳಿ ಹೂವು ಯಾಕಿದೆ ಅಂತ ಅವಳ ಅಮ್ಮನಿಗೆ ಯಾರೂ ಹೇಳಿರುವುದಿಲ್ಲ. ಆಯಮ್ಮ ವಾಸನೆ ಅಂತ ಅದನ್ನು ತೆಗೆದು, ಕಿಟಕಿಯನ್ನೂ ಸ್ವಲ್ಪ ತೆಗೆದು, ಮಗಳಿಗೆ ಒಳ್ಳೇದು ಮಾಡಿದೆ ಅಂದುಕೊಳ್ಳುತ್ತಾಳೆ. ಸೆಪ್ಟೆಂಬರ್ 17ಕ್ಕೆ ವ್ಯಾನ್ ಹೆಲ್ಸಿಂಗ್ ಕಳಿಸಿದ ಟೆಲಿಗ್ರಾಂ ಇಪ್ಪತ್ತೆರಡು ಗಂಟೆ ತಡವಾಗಿ ಮುಟ್ಟುತ್ತದೆ, ಯಾಕೆಂದರೆ ವಿಳಾಸದಲ್ಲಿ ಜಿಲ್ಲೆಯ ಹೆಸರಿಲ್ಲ. ಮೀನಾಳ ಹತ್ತಿರ ಹಾರ್ಕರ್‌ನ ಇಡೀ ದಿನಚರಿ ಇದೆ, ಆದರೆ ಗಂಡನ ಮೇಲಿನ ಗೌರವದಿಂದ ಅದನ್ನು ಕಾಗದದಲ್ಲಿ ಸುತ್ತಿ, ರಿಬ್ಬನ್ ಕಟ್ಟಿ, ಅರಗಿನ ಮುದ್ರೆ ಒತ್ತಿ ಇಟ್ಟಿರುತ್ತಾಳೆ. ಲೂಸಿ ಸಾಯೋದು ಸೆಪ್ಟೆಂಬರ್ 20ಕ್ಕೆ. ಮೀನಾ ಆ ದಿನಚರಿ ಓದೋದು 23ಕ್ಕೆ. ಮೂರು ದಿನ!

ಆಮೇಲೆ ಅವಳು ಟೈಪ್‌ರೈಟರ್ ಮುಂದೆ ಕೂತು ಎಲ್ಲರ ದಿನಚರಿ, ಪತ್ರ, ತುಣುಕುಗಳನ್ನು ತಾರೀಕಿನ ಪ್ರಕಾರ ಜೋಡಿಸುತ್ತಾಳೆ. ಎಲ್ಲರೂ ಎಲ್ಲವನ್ನೂ ಓದುತ್ತಾರೆ. ಡ್ರಾಕುಲಾ ಸೋಲೋಕೆ ಶುರುವಾಗೋದು ಅವತ್ತಿನಿಂದ. ಚಾಕು, ಶಿಲುಬೆ ಎಲ್ಲ ಆಮೇಲಿನ ಮಾತು. ಮೊದಲ ಆಯುಧ ಅಂದರೆ ಒಟ್ಟಿಗೆ ಕೂತು ಓದಿದ್ದು. ಇದಕ್ಕೆ ಇನ್ನೂ ಪುರಾವೆ ಬೇಕೆ? ಎಲ್ಲ ಜೋಡಿಸಿಕೊಟ್ಟ ಅವಳನ್ನೇ ಸೆಪ್ಟೆಂಬರ್ 30ರ ರಾತ್ರಿ ಆ ಗಂಡಸರು 'ಹೆಣ್ಣುಮಗಳು, ಇದೆಲ್ಲ ನಿನಗೆ ಬೇಡ' ಅನ್ನೋ ಧಾಟಿಯಲ್ಲಿ ಚರ್ಚೆಯಿಂದ ಹೊರಗಿಡುತ್ತಾರೆ. ಡ್ರಾಕುಲಾ ಹೋಗಿ ಹಿಡಿಯೋದು ಅವಳನ್ನೇ. ಅದು ಇವರಿಗೆ ಗೊತ್ತಾಗೋದು ಅಕ್ಟೋಬರ್ 3ರ ಮುಂಜಾವಿಗೆ.

ಈ ಕಾದಂಬರಿಯಲ್ಲಿ ಸಾವು ಬರುವ ದಾರಿ ಒಂದೇ, ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ತಲುಪದೇ ಇರೋದು. ಒಬ್ಬನೇ ಎರಡು ದಿನದಲ್ಲಿ ಓದಿದಾಗ ಇದು ನನಗೆ ಕಂಡಿರಲಿಲ್ಲ. ಹೌದು, ಕಾಲೇಜಿನಲ್ಲಿದ್ದಾಗ ಇದೇ ಪುಸ್ತಕವನ್ನು ನಾನು ಎರಡು ದಿನದಲ್ಲಿ ಮುಗಿಸಿದ್ದೆ. ನೆನಪಿದ್ದದ್ದು ಗೋಡೆ ಮೇಲೆ ಹಲ್ಲಿಯ ಹಾಗೆ ಇಳಿಯುವ ಕೌಂಟ್ ಮಾತ್ರ.

ಈಗ ಒಂದು ಸ್ವಂತ ವಿಷಯ. ಹೇಳಲು ಸಂಬಂಧಪಟ್ಟವನ ಒಪ್ಪಿಗೆ ಕೇಳಿದ್ದೇನೆ.

ಜೂನ್ 30ಕ್ಕೆ ಹಾರ್ಕರ್‌ನ ದಿನಚರಿ ನಿಲ್ಲುತ್ತದೆ. ಗೋಡೆ ಇಳಿದು ಓಡಲು ನೋಡ್ತೀನಿ ಅಂತ ಬರೆದವನ ಸುದ್ದಿ ಆಮೇಲೆ ಇಲ್ಲ. ಬದುಕಿದ್ದಾನೆ ಅಂತ ತಿಳಿಸುವ ಪತ್ರ ಬುಡಾಪೆಸ್ಟಿನ ಆಸ್ಪತ್ರೆಯಿಂದ ಬರೆಯಲ್ಪಡೋದು ಆಗಸ್ಟ್ 12ಕ್ಕೆ. ನಲವತ್ಮೂರು ದಿನ. ಇದರ ನಡುವೆ, ಜುಲೈ 26ರ ದಿನಚರಿಯಲ್ಲಿ, ಹಾರ್ಕರ್‌ನಿಂದ ಒಂದು ಸಾಲಿನ ಪತ್ರ ಬಂದಿದೆ ಅಂತ ಮೀನಾ ಬರೀತಾಳೆ. ಮನೆಗೆ ಹೊರಡ್ತಾ ಇದೀನಿ ಅಂತ ಅಷ್ಟೇ. ಅಕ್ಷರ ಅವನದೇ, ಆದರೂ ಅವಳಿಗೆ ಸಮಾಧಾನವಿಲ್ಲ. ಅವನು ಬರೆಯೋ ರೀತಿ ಅದಲ್ಲ ಅನ್ನಿಸುತ್ತೆ. ಕಾಯುತ್ತಾ ಓದಿದ ನಮಗೆ ಗೊತ್ತು: ಇದು ಮೇ 19ಕ್ಕೆ ಬರೆಸಿದ ಸುಳ್ಳು ಪತ್ರಗಳಲ್ಲಿ ಒಂದು. ನಮ್ಮ ಕಣ್ಣೆದುರೇ ಬರೆಸಿದ್ದು, ಎರಡು ತಿಂಗಳು ದಾಟಿ ಅವಳ ಕೈಗೆ ಬಂದಿದೆ.

ಅದೇ ವಾರ ನಮ್ಮ ಏಳು ಜನರಲ್ಲಿ ಒಬ್ಬ ಸುಮ್ಮನಾಗಿದ್ದ. ಅವನು ಸುಮ್ಮನಿರುವ ಪೈಕಿ ಅಲ್ಲ. ಮೇ 3ರ ಕಂತಿನಲ್ಲಿ ಹಾರ್ಕರ್ ತಿನ್ನೋ ಪಾಪ್ರಿಕಾ ಕೋಳಿಯ ಬಗ್ಗೆಯೇ ಎರಡು ಪ್ಯಾರಾ ಬರೆದಿದ್ದ. ಪೂರ್ವಕ್ಕೆ ಹೋದಷ್ಟೂ ರೈಲುಗಳು ತಡ ಅಂತ ಹಾರ್ಕರ್ ಗೊಣಗಿದ್ದಕ್ಕೆ, ಇಂಗ್ಲೆಂಡಿನವರು ಪೂರ್ವವನ್ನು ನೋಡುವ ಕಣ್ಣೇ ಹೀಗೆ ಅಂತ ಸರಿಯಾಗಿ ತರಾಟೆಗೆ ತಗೊಂಡಿದ್ದ. ಅಂಥವನಿಗೆ ಏನಪ್ಪಾ ಸುದ್ದಿ ಇಲ್ಲ ಅಂತ ಕೇಳಿದರೆ ಬಂದ ಉತ್ತರ: "ಆಲ್ ಗುಡ್. ಸ್ವಲ್ಪ ಬ್ಯುಸಿ."

ಬೇರೆ ಯಾವುದೇ ವಾರವಾಗಿದ್ದರೆ ನಾವು ಒಂದು ಹೆಬ್ಬೆರಳು ಒತ್ತಿ ಮುಂದೆ ಹೋಗ್ತಿದ್ದೆವು. ಬೆಂಗಳೂರಿನಲ್ಲಿ ಯಾರು ಬ್ಯುಸಿ ಅಲ್ಲ? ಆದರೆ ಅವತ್ತು ರಾತ್ರಿ ಮೀನಾಳ ದಿನಚರಿ ಓದಿದ ಒಬ್ಬಳು ನನಗೆ ಫೋನ್ ಮಾಡಿ, "ಇದು ಅವನು ಬರೆದ ಹಾಗೇ ಇಲ್ಲ ಕಣೋ" ಅಂದಳು. ಮರುದಿನ ಸಂಜೆ ಇಬ್ಬರು ಅವನ ಪಿಜಿಗೆ ಹೋದೆವು.

ಮೂರು ವಾರದ ಹಿಂದೆ ಹತ್ತು ನಿಮಿಷದ ಮೀಟಿಂಗಿನಲ್ಲಿ ಅವನ ಕೈಲಿ ರಾಜೀನಾಮೆ ಬರೆಸಿಕೊಂಡಿದ್ದರು. 'ವೈಯಕ್ತಿಕ ಕಾರಣಗಳಿಗಾಗಿ' ಅಂತ. ಆ ವಾಕ್ಯ ಕೂಡ ಅವರೇ ಹೇಳಿಕೊಟ್ಟದ್ದು. ಮನೆಗೆ ಹೇಳಿರಲಿಲ್ಲ, ನಮಗೂ ಹೇಳಿರಲಿಲ್ಲ. ದಿನಾ ಬೆಳಿಗ್ಗೆ ಬ್ಯಾಗ್ ಹಾಕಿಕೊಂಡು ಹೊರಟು, ಪಾರ್ಕಿನಲ್ಲಿ ಕೂತು, ಸಂಜೆ ವಾಪಸ್ ಬರ್ತಾ ಇದ್ದ. ಊಟ ಸರಿಯಾಗಿ ಮಾಡಿರಲಿಲ್ಲ. ಹೋದವರು ಏನೂ ದೊಡ್ಡ ಕೆಲಸ ಮಾಡಲಿಲ್ಲ. ಮಸಾಲೆ ದೋಸೆ ಕೊಡಿಸಿದೆವು, ರಾತ್ರಿ ಹನ್ನೊಂದರವರೆಗೆ ಕೂತೆವು. ಅಪ್ಪನಿಗೆ ಫೋನ್ ಮಾಡುವಾಗ ಪಕ್ಕದಲ್ಲಿದ್ದೆವು.

ಡ್ರಾಕುಲಾ ಅವನಿಗೆ ಕೆಲಸ ಕೊಡಿಸಲಿಲ್ಲ. ಮತ್ತೆ ಕೆಲಸ ಸಿಗೋಕೆ ಡಿಸೆಂಬರ್ ಆಯಿತು. ಪುಸ್ತಕವನ್ನು ಅವನು ಪೂರ್ತಿ ಓದಲೂ ಇಲ್ಲ, ಸೆಪ್ಟೆಂಬರ್‌ನಲ್ಲಿ ಬಿಟ್ಟ. ಸಾಹಿತ್ಯ ಬದುಕು ಉಳಿಸುತ್ತೆ ಅಂತ ಭಾಷಣ ಮಾಡೋಕೆ ನನಗೆ ಇಷ್ಟವಿಲ್ಲ. ನಾನು ಹೇಳುತ್ತಿರೋದು ಇಷ್ಟು ಮಾತ್ರ: ಆರು ತಿಂಗಳು ದಿನಾ ಒಬ್ಬರ ಓದನ್ನು ಇನ್ನೊಬ್ಬರು ಕಂಡಿದ್ದರಿಂದ, ಒಬ್ಬನ ಮೌನ ನಮಗೆ ಕೇಳಿಸಿತು. 52 ಪುಸ್ತಕದ ಪಟ್ಟಿಯಲ್ಲಿ ಯಾರ ಮೌನವೂ ಕೇಳಿಸಲ್ಲ. ಹದಿನೈದು ನಿಮಿಷದ ಸಮ್ಮರಿಯಲ್ಲಂತೂ ಆ ಒಂದು ಸಾಲಿನ ಪತ್ರವೇ ಇರೋದಿಲ್ಲ. ಕಥೆಗೆ ಅದು ಬೇಕಾಗಿಲ್ಲವಲ್ಲ!

ಇದನ್ನೆಲ್ಲ ಹೊಸ ಫ್ಯಾಷನ್ ಅನ್ನುವವರಿಗೆ ನಮ್ಮಮ್ಮನನ್ನು ತೋರಿಸಬೇಕು. ನಮ್ಮ ಮನೆಯಲ್ಲಿ 'ಸುಧಾ' ಬರ್ತಿತ್ತು. ಧಾರಾವಾಹಿಯ ಪುಟಗಳನ್ನು ಅಮ್ಮ ವಾರವಾರ ಕತ್ತರಿಸಿ, ಕಥೆ ಮುಗಿದ ಮೇಲೆ ದಬ್ಬಳದಲ್ಲಿ ಹೊಲಿದು ಇಡ್ತಿದ್ದಳು. ಪತ್ರಿಕೆ ನಮ್ಮ ಮನೆಯಿಂದ ಎದುರು ಮನೆಗೆ, ಅಲ್ಲಿಂದ ಹಿಂದಿನ ಬೀದಿಗೆ. ನಲ್ಲಿ ಹತ್ತಿರ ನೀರು ಹಿಡಿಯುವಾಗ ಮುಂದಿನ ವಾರ ನಾಯಕಿ ಏನು ಮಾಡಬೇಕು ಅಂತ ವಾದ. ಆ ವಾದದ ನೆವದಲ್ಲಿ ಯಾರ ಮನೆಯಲ್ಲಿ ಯಾರಿಗೆ ಹುಷಾರಿಲ್ಲ, ಯಾರು ಎರಡು ದಿನದಿಂದ ನೀರಿಗೆ ಬಂದಿಲ್ಲ ಎಲ್ಲ ಗೊತ್ತಾಗ್ತಿತ್ತು. ಆ ಹೆಂಗಸರು ಯಾರೂ ವರ್ಷಕ್ಕೆ ಎಷ್ಟು ಪುಸ್ತಕ ಓದಿದೆ ಅಂತ ಲೆಕ್ಕ ಇಟ್ಟವರಲ್ಲ. ನಾವು ಅವರಿಗಿಂತ ಹೆಚ್ಚು ಓದ್ತೀವಿ. ಆದರೆ ಪಕ್ಕದ ಫ್ಲಾಟಿನಲ್ಲಿ ಯಾರಿದ್ದಾರೆ ಗೊತ್ತಿಲ್ಲ.

ಆ ನಮ್ಮ ಕ್ಯಾಂಟೀನ್ ಮಿತ್ರನಿಗೆ ಈಗ ಹೇಳುವುದು ಇಷ್ಟೇ. ನೀನು ಹೇಳಿದ್ದು ನಿಜ, ಏಳೂವರೆ ನಿಮಿಷದಲ್ಲಿ ಮುಗಿಯತ್ತೆ. ಮುಗಿಸಿ ಆದ ಮೇಲೆ ಆ ಉಳಿದ ಆರು ತಿಂಗಳಲ್ಲಿ ಏನು ಮಾಡಿದೆ? ಇನ್ನೊಂದು ಸಮ್ಮರಿ ಕೇಳಿದೆಯಾ?

ಈ ಸಲವೂ ಮೇ 3ಕ್ಕೆ ಶುರು ಮಾಡ್ತೀವಿ. ಹಳೇ ಏಳು ಜನರಲ್ಲಿ ಐದು ಜನ ಇದ್ದೇವೆ. ಪಾಪ್ರಿಕಾ ಕೋಳಿಯವನೂ ಬರ್ತೀನಿ ಅಂದಿದ್ದಾನೆ, ಈ ಸಲ ಸೆಪ್ಟೆಂಬರ್ ದಾಟ್ತೀನಿ ಅಂತ ಪಂಥ ಕಟ್ಟಿದ್ದಾನೆ. ಎರಡು ಜಾಗ ಖಾಲಿ ಇವೆ. ಒಂದನ್ನು ನಿನಗೆ ಹಿಡಿದಿಟ್ಟಿದ್ದೇನೆ. ಮೊದಲ ದಿನ ಓದಬೇಕಾದ್ದು ಕೆಲವೇ ಪುಟ. ಚಮಚ ಕೆಳಗಿಡೋದೂ ಬೇಕಾಗಿಲ್ಲ.